ರೈಡ್‌ನಲ್ಲಿ ಒಂದು ಡಿಸ್ಕ್ ಹೋಗಿದೆ, ಹೊಸದು ಹಾಕುವ ಮೊದಲು ಏನು ಮಾಡಬೇಕು?

ಪ್ರಶ್ನೆ: ತುಮಕೂರಿನ ಎಸ್.ಎಸ್. ಪುರಂನಲ್ಲಿ ನಾನು, ನಮ್ಮಣ್ಣ ಸೇರಿ ಫೋಟೋ ಸ್ಟುಡಿಯೋ ನಡೆಸುತ್ತಿದ್ದೇವೆ. ಮದುವೆ, ನಾಮಕರಣ, ಗೃಹಪ್ರವೇಶದ ಫೋಟೋ, ವಿಡಿಯೋ ಎಲ್ಲಾ ಒಂದೇ ಸರ್ವರ್‌ನಲ್ಲಿದೆ. ಡೆಬಿಯನ್ ಲಿನಕ್ಸ್, 4 ಟಿಬಿಯ ನಾಲ್ಕು ಡಿಸ್ಕ್, ನಾಲ್ಕೂ ಸೇರಿ ಒಂದೇ ದೊಡ್ಡ ಡಿಸ್ಕಿನ ಹಾಗೆ ಕೆಲಸ ಮಾಡುವ ರೈಡ್ 5 ಜೋಡಣೆ (ಅರೇ). ಸುಮಾರು 7 ಟಿಬಿ ತುಂಬಿದೆ. ಬೇರೆ ಬ್ಯಾಕಪ್ ಇಲ್ಲ. ಮೊನ್ನೆ ಕರೆಂಟ್ ಹೋಗಿ ಬಂದ ಮೇಲೆ 'ಡಿಗ್ರೇಡೆಡ್' ಅಂತ ತೋರಿಸುತ್ತಿದೆ, ಒಂದು ಡಿಸ್ಕ್ ಕಾಣುತ್ತಿಲ್ಲ. ಫೈಲ್‌ಗಳು ಮಾತ್ರ ತೆರೆಯುತ್ತಿವೆ. ಹೊಸ ಡಿಸ್ಕ್ ತಂದಿಟ್ಟಿದ್ದೇವೆ. ತಕ್ಷಣ ಹಾಕಿ ರೀಬಿಲ್ಡ್ ಕೊಡೋಣ ಅಂತ ನಾನು. ಯಾವುದೋ ವಿಡಿಯೋ ನೋಡಿ, ಅರೇಯನ್ನೇ ಹೊಸದಾಗಿ 'ಕ್ರಿಯೇಟ್' ಮಾಡಿದರೆ ಸರಿಹೋಗುತ್ತದೆ ಅಂತ ಅಣ್ಣ. ಯಾವುದು ಸರಿ?

ಉತ್ತರ: ನಮಸ್ಕಾರ. ಸದ್ಯಕ್ಕೆ ಎರಡೂ ಬೇಡ. ನಿಮ್ಮಣ್ಣ ಹೇಳಿದ್ದನ್ನು ಯಾವತ್ತೂ ಮಾಡಬೇಡಿ. ನೀವು ಹೇಳಿದ್ದನ್ನು ಮಾಡಬೇಕು, ಆದರೆ ಇವತ್ತಲ್ಲ. ಇವತ್ತಿನ ಕೆಲಸ ಒಂದೇ, ಕಾಪಿ ಮಾಡಿಕೊಳ್ಳುವುದು.

ಫೈಲ್‌ಗಳು ಇನ್ನೂ ತೆರೆಯುತ್ತಿವೆ ಅಂದಿದ್ದೀರಿ. ನಿಮ್ಮ ಇಡೀ ಪತ್ರದಲ್ಲಿ ನನಗೆ ಮುಖ್ಯವಾಗಿ ಕಂಡ ಮಾತು ಅದು. ರೈಡ್ 5 ಒಂದು ಡಿಸ್ಕ್ ಹೋದರೂ ನಡೆಯುತ್ತದೆ. ಅಂಗಡಿ ಲೆಕ್ಕದಲ್ಲಿ ಮೂರು ಬಾಬ್ತು, ಕೆಳಗೆ ಒಟ್ಟು ಮೊತ್ತ ಬರೆದಿರುತ್ತಾರಲ್ಲ, ಒಂದು ಬಾಬ್ತು ಅಳಿಸಿಹೋದರೆ ಒಟ್ಟಿನಲ್ಲಿ ಉಳಿದೆರಡನ್ನು ಕಳೆದು ಅದನ್ನು ಕಂಡುಹಿಡಿಯಬಹುದು, ಹಾಗೆ ಉಳಿದ ಮೂರು ಡಿಸ್ಕ್ ಸೇರಿ ನಾಲ್ಕನೆಯದರಲ್ಲಿ ಏನಿತ್ತು ಅಂತ ಲೆಕ್ಕ ಹಾಕಿ ಕೊಡುತ್ತಿವೆ. ಒಂದು ಹೋದರೆ ಸರಿ. ಇನ್ನೊಂದು ಹೋದರೆ ಮುಗಿಯಿತು. ನೀವೀಗ ಆ ಗೆರೆಯ ಮೇಲೆ ನಿಂತಿದ್ದೀರಿ.

ರೀಬಿಲ್ಡ್, ಅಂದರೆ ಹೋದ ಡಿಸ್ಕಿನಲ್ಲಿದ್ದದ್ದನ್ನು ಲೆಕ್ಕ ಹಾಕಿ ಹೊಸದಕ್ಕೆ ಬರೆಯುವುದು, ಯಾಕೆ ಇವತ್ತು ಬೇಡ ಅಂತ ಬಿಡಿಸಿ ಹೇಳುತ್ತೇನೆ, ಯಾಕಂದರೆ ಹೆಚ್ಚಿನವರು ಎಡವುವುದು ಇಲ್ಲೇ. ಹೊಸ ಡಿಸ್ಕ್ ಸೇರಿಸಿದ ತಕ್ಷಣ ಉಳಿದ ಮೂರೂ ಡಿಸ್ಕ್‌ಗಳನ್ನು ಮೊದಲ ಸೆಕ್ಟರ್‌ನಿಂದ ಕೊನೆಯ ಸೆಕ್ಟರ್‌ವರೆಗೆ ಓದಲು ಶುರುವಾಗುತ್ತದೆ. ಫೈಲ್ ಇರುವ ಜಾಗ, ಖಾಲಿ ಜಾಗ ಅನ್ನುವ ಭೇದ ಅದಕ್ಕಿಲ್ಲ. ಅಂದರೆ 12 ಟಿಬಿ ಓದು. ರೈಡ್ ಅನ್ನುವ ಹೆಸರು ಬಂದದ್ದು 1988ರಲ್ಲಿ, ಬರ್ಕ್ಲಿಯ ಪ್ಯಾಟರ್‌ಸನ್, ಗಿಬ್ಸನ್, ಕಾಟ್ಜ್ ಬರೆದ ಪ್ರಬಂಧದಿಂದ. ಅವರು ಲೆಕ್ಕಕ್ಕೆ ಹಿಡಿದ ಸಣ್ಣ ಡಿಸ್ಕ್ 100 ಎಂಬಿಯದು. ನಿಮ್ಮ ಒಂದೊಂದು ಡಿಸ್ಕೂ ಅದರ 40,000 ಪಟ್ಟು. ಡಿಸ್ಕ್ ಇಷ್ಟು ದೊಡ್ಡದಾದರೂ ಓದುವ ವೇಗ ಆ ಪ್ರಮಾಣದಲ್ಲಿ ಏರಿಲ್ಲ. ಹಾಗಾಗಿ ಆಗ ಸ್ವಲ್ಪ ಹೊತ್ತಿನಲ್ಲಿ ಮುಗಿಯುವಂಥ ರೀಬಿಲ್ಡ್ ಈಗ ಅರ್ಧ ದಿನ ಹಿಡಿಯುತ್ತದೆ. ಅಷ್ಟೂ ಹೊತ್ತು, ಬಹುಶಃ ಒಂದೇ ದಿನ ಕೊಂಡು ಒಂದೇ ಪೆಟ್ಟಿಗೆಯಲ್ಲಿ ಒಂದೇ ಬಿಸಿಯಲ್ಲಿ ದುಡಿದ ಮೂರು ಹಳೇ ಡಿಸ್ಕ್‌ಗಳ ಮೇಲೆ ಪೂರ್ತಿ ಭಾರ ಬೀಳುತ್ತದೆ.

ಸಾಮಾನ್ಯ ಡೆಸ್ಕ್‌ಟಾಪ್ ಡಿಸ್ಕ್‌ಗಳ ಸ್ಪೆಸಿಫಿಕೇಶನ್ ಹಾಳೆಯಲ್ಲಿ, ಓದಲಾಗದ ಒಂದು ಬಿಟ್ ಎಷ್ಟು ಬಿಟ್‌ಗೆ ಸಿಗಬಹುದು ಅಂತ ಬರೆದಿರುತ್ತದೆ. 1 ಕೋಟಿಯನ್ನು 1 ಕೋಟಿಯಿಂದ ಗುಣಿಸಿದರೆ ಬರುವ ಸಂಖ್ಯೆ ಅದು. ಟಿಬಿಗೆ ತಿರುಗಿಸಿದರೆ 12.5. ನೀವು ಓದಿಸಹೊರಟಿರುವುದು 12! ಇದು ಕಂಪನಿಗಳು ಕೊಡುವ ಗರಿಷ್ಠ ಮಿತಿ, ನಿಜದಲ್ಲಿ ಒಳ್ಳೇ ಡಿಸ್ಕ್‌ಗಳು ಇದಕ್ಕಿಂತ ಎಷ್ಟೋ ಚೆನ್ನಾಗಿ ಓದುತ್ತವೆ, ಆದ್ದರಿಂದ ರೀಬಿಲ್ಡ್ ಖಂಡಿತ ಕೆಟ್ಟೇಹೋಗುತ್ತದೆ ಅಂತ ಹೆದರಿಸುವವರ ಮಾತು ಕೇಳಬೇಡಿ. ಆದರೆ ಬ್ಯಾಕಪ್ ಇಲ್ಲದೆ ಆ ಜೂಜಿಗೆ ಕೂರುವುದು ಯಾಕೆ? ಬರೀ ಫೈಲ್ ಕಾಪಿ ಮಾಡಿದರೆ ಓದಬೇಕಾದದ್ದು 7 ಟಿಬಿ. ಅದಕ್ಕಿಂತ ಮುಖ್ಯವಾಗಿ, ಯಾವುದನ್ನು ಮೊದಲು ಓದಬೇಕು ಅನ್ನುವುದು ನಿಮ್ಮ ಕೈಯಲ್ಲಿರುತ್ತದೆ. ನಡುವೆ ಒಂದು ಸೆಕ್ಟರ್ ಕೆಟ್ಟಿದ್ದರೆ ಒಂದು ಫೈಲ್ ಹೋಗುತ್ತದೆ, ಇಡೀ ಅರೇ ಅಲ್ಲ.

ಈಗ ಕೆಲಸಕ್ಕೆ ಬರೋಣ. ಮೊದಲು ಬರೆಯುವುದನ್ನು ನಿಲ್ಲಿಸಿ. ಸ್ಟುಡಿಯೋದ ಬೇರೆ ಕಂಪ್ಯೂಟರ್‌ಗಳಿಂದ ಈ ಸರ್ವರ್ ಮೇಲೆ ಯಾರೂ ಆಲ್ಬಂ ಡಿಸೈನ್ ಮಾಡಬಾರದು, ಹೊಸ ಕಾರ್ಡ್ ಇಳಿಸಬಾರದು. ಸಾಧ್ಯವಾದರೆ ಅರೇಯನ್ನು ರೀಡ್-ಓನ್ಲಿ, ಅಂದರೆ ಓದಲು ಮಾತ್ರ ಆಗುವಂತೆ, ಮೌಂಟ್ ಮಾಡಿಕೊಳ್ಳಿ. ಹಾಗೇ ಕ್ಯಾಮೆರಾ ಕಾರ್ಡ್‌ಗಳಿವೆಯಲ್ಲ, ಯಾವುದನ್ನೂ ಫಾರ್ಮ್ಯಾಟ್ ಮಾಡಬೇಡಿ. ಹೋದ ಎರಡು ಮೂರು ಕಾರ್ಯಕ್ರಮದ ಒರಿಜಿನಲ್ ಅಲ್ಲಿ ಇನ್ನೂ ಇರಬಹುದು.

ಸರ್ವರನ್ನು ಆಫ್ ಮಾಡಬೇಡಿ. ಸವೆದ ಡಿಸ್ಕ್ ತಿರುಗುತ್ತಿರುವವರೆಗೂ ತಿರುಗುತ್ತಿರುತ್ತದೆ, ನಿಲ್ಲಿಸಿ ಮತ್ತೆ ಶುರು ಮಾಡಿದಾಗ ಏಳದೇ ಹೋಗಬಹುದು. ಕರೆಂಟ್ ವಿಷಯವೂ ನೋಡಿಕೊಳ್ಳಿ. ಡಿಗ್ರೇಡೆಡ್ ಆಗಿರುವ ರೈಡ್ 5 ಏನಾದರೂ ಬರೆಯುತ್ತಿರುವಾಗಲೇ ಕರೆಂಟ್ ಹೋದರೆ, ಮತ್ತೆ ಬೂಟ್ ಆದಾಗ 'ಡರ್ಟಿ ಡಿಗ್ರೇಡೆಡ್' ಅಂತ ಹೇಳಿ ಲಿನಕ್ಸ್ ಅದನ್ನು ಶುರು ಮಾಡುವುದಕ್ಕೇ ಒಪ್ಪುವುದಿಲ್ಲ. ಬಲವಂತವಾಗಿ ಎಬ್ಬಿಸಬಹುದು, ಆದರೆ ಆ ಕ್ಷಣದಲ್ಲಿ ಬರೆಯುತ್ತಿದ್ದ ಜಾಗದ ಡೇಟಾ ಸರಿಯಿದೆ ಅಂತ ಯಾರೂ ಹೇಳಲಾರರು. ಇನ್ವರ್ಟರ್ ಇದೆ ಅಂತ ಸುಮ್ನೆ ಇರಬೇಡಿ. ಅದರ ಹಿಂದೆ ಯುಪಿಎಸ್ ಮೋಡ್, ನಾರ್ಮಲ್ ಮೋಡ್ ಅಂತ ಒಂದು ಸ್ವಿಚ್ ಇರುತ್ತದೆ, ನಾರ್ಮಲ್‌ನಲ್ಲಿದ್ದರೆ ಲೈನ್ ಬದಲಾಗುವ ಆ ಚಿಕ್ಕ ಅಂತರದಲ್ಲಿ ಕಂಪ್ಯೂಟರ್ ರೀಸ್ಟಾರ್ಟ್ ಆಗಿಬಿಡಬಹುದು. ಆದರೆ ಗಮನಿಸಿ, ಈಗ ಪ್ಲಗ್ ಬದಲಾಯಿಸಬೇಕು ಅಂದರೆ ಸರ್ವರ್ ಆಫ್ ಆಗುತ್ತದೆ. ಅದು ಈಗಾಗಲೇ ಇನ್ವರ್ಟರ್ ಲೈನ್‌ನಲ್ಲಿದ್ದರೆ ಸ್ವಿಚ್ ಯಾವ ಕಡೆ ಇದೆ ನೋಡಿ. ಇಲ್ಲದಿದ್ದರೆ ಈಗ ಮುಟ್ಟಬೇಡಿ, ಕಾಪಿ ಬೇಗ ಶುರು ಮಾಡಿ. ರೀಡ್-ಓನ್ಲಿ ಮಾಡಿಸಿದ್ದರ ಇನ್ನೊಂದು ಲಾಭ ಇದೇ, ನಡುವೆ ಕರೆಂಟ್ ಹೋದರೂ ಅರ್ಧ ಬರೆದದ್ದು ಅಂತ ಏನೂ ಇರುವುದಿಲ್ಲ. ಬೇಸಿಗೆಯಾದರೆ ಕ್ಯಾಬಿನೆಟ್ ಮುಂದೆ ಒಂದು ಟೇಬಲ್ ಫ್ಯಾನ್ ಇಡಿ.

8 ಟಿಬಿಯ ಒಂದು ಯುಎಸ್‌ಬಿ ಡಿಸ್ಕ್ ತನ್ನಿ. ಬಿ.ಎಚ್. ರಸ್ತೆಯಲ್ಲಿ ಸಿಗದಿದ್ದರೆ ಬೆಂಗಳೂರಿನ ಎಸ್‌ಪಿ ರೋಡ್‌ವರೆಗೆ ಹೋಗಿ ಬರುವುದಾದರೂ ಪರವಾಗಿಲ್ಲ, ಹೋಗಿ. ನೀವು ತಂದಿಟ್ಟ ಆ 4 ಟಿಬಿಯ ಹೊಸ ಡಿಸ್ಕನ್ನು ಅದು ಬರುವವರೆಗೆ ಬಳಸಿಕೊಳ್ಳಬಹುದು. ಇನ್ನೊಂದು ಕಂಪ್ಯೂಟರ್‌ಗೆ ಹಾಕಿ, ನೆಟ್‌ವರ್ಕ್ ಮೂಲಕ ಅತಿ ಮುಖ್ಯವಾದದ್ದನ್ನು ಅದಕ್ಕೆ ಈಗಲೇ ಇಳಿಸಿ. ಸರ್ವರ್ ಒಳಗೆ ಮಾತ್ರ ಹಾಕಬೇಡಿ.

ಕಾಪಿಗೆ ಆರ್‌ಸಿಂಕ್ ಬಳಸಿ. ಓದಲಾಗದ ಫೈಲ್ ಸಿಕ್ಕರೆ ಅದು ಹೆಸರು ಹೇಳಿ ಮುಂದಕ್ಕೆ ಹೋಗುತ್ತದೆ, ನಡುವೆ ನಿಂತರೂ ಮತ್ತೆ ಅಲ್ಲಿಂದಲೇ ಮುಂದುವರಿಸಬಹುದು. ಲಾಗ್ ಫೈಲ್ ಇಡಿಸಿ. ಆಲ್ಬಂ ಇನ್ನೂ ಕೊಡದ ಮದುವೆಗಳು ಮೊದಲು. ಆಮೇಲೆ ಈ ವರ್ಷದ್ದು, ಆಮೇಲೆ ಹಳೆಯದು. ಹಳೇ ಗಿರಾಕಿಗಳ ಹತ್ತಿರ ಪೆನ್‌ಡ್ರೈವ್‌ನಲ್ಲೋ ಆಲ್ಬಂನಲ್ಲೋ ಏನಾದರೂ ಇರುತ್ತದೆ. ಇನ್ನೂ ಕೈಗೆ ಕೊಡದ ಮದುವೆಯದು ಈ ಪ್ರಪಂಚದಲ್ಲಿ ನಿಮ್ಮ ಹತ್ತಿರ ಮಾತ್ರ ಇದೆ, ಮುಹೂರ್ತವನ್ನು ಇನ್ನೊಮ್ಮೆ ಶೂಟ್ ಮಾಡಲು ಆಗುವುದಿಲ್ಲ ಅಲ್ವಾ. ಸೆಕೆಂಡಿಗೆ 100 ಎಂಬಿ ವೇಗ ಸಿಕ್ಕರೆ 7 ಟಿಬಿಗೆ ಹತ್ತೊಂಬತ್ತು, ಇಪ್ಪತ್ತು ಗಂಟೆ ಬೇಕು. ಸಣ್ಣ ಫೈಲ್‌ಗಳು ಜಾಸ್ತಿ ಇದ್ದರೆ ಇನ್ನೂ ನಿಧಾನ. ಅವಸರ ಬೇಡ, ಓಡಲಿ.

ಅದು ಓಡುತ್ತಿರುವಾಗ ಡಿಸ್ಕ್‌ಗಳ ಸ್ಥಿತಿ ನೋಡಿಕೊಳ್ಳಿ. ಪ್ರಾಕ್ ಫೋಲ್ಡರ್‌ನ ಎಂಡಿಸ್ಟ್ಯಾಟ್ ಫೈಲ್ ತೆರೆದರೆ ಚೌಕ ಕಂಸದಲ್ಲಿ '4/3' ಅಂತಲೂ ಅದರ ಪಕ್ಕದಲ್ಲಿ ಮೂರು 'ಯು' ಅಕ್ಷರ, ಒಂದು ಅಡಿಗೆರೆಯೂ ಕಾಣಿಸುತ್ತದೆ. 'ಯು' ಅಂದರೆ ಆ ಡಿಸ್ಕ್ ಸರಿಯಿದೆ, ಅಡಿಗೆರೆ ಇರುವುದು ಹೋಗಿರುವ ಡಿಸ್ಕಿನ ಜಾಗ. ಆಮೇಲೆ ಸ್ಮಾರ್ಟ್‌ಮಾನ್‌ಟೂಲ್ಸ್ ಇನ್‌ಸ್ಟಾಲ್ ಮಾಡಿ, ಸ್ಮಾರ್ಟ್‌ಸಿಟಿಎಲ್ ಕಮಾಂಡಿನಿಂದ ಒಂದೊಂದು ಡಿಸ್ಕಿನ ವರದಿ ತೆಗೆಯಿರಿ. ಉದ್ದ ಪಟ್ಟಿ ಬರುತ್ತದೆ. ನಿಮಗೆ ಬೇಕಾದದ್ದು ನಾಲ್ಕೇ ಸಾಲು, ಅದರಲ್ಲೂ ಕೊನೆಯ ಕಾಲಂನ ಸಂಖ್ಯೆ. 5ನೆಯದು ಈಗಾಗಲೇ ಬದಲಿ ಜಾಗಕ್ಕೆ ಹೋದ ಸೆಕ್ಟರ್‌ಗಳು. 197 ಓದಲು ಒದ್ದಾಡುತ್ತಿರುವ, ಇನ್ನೂ ತೀರ್ಮಾನವಾಗದ ಸೆಕ್ಟರ್‌ಗಳು. 198 ಓದಲಿಕ್ಕೇ ಆಗದವು. 199 ಕೇಬಲ್‌ನಲ್ಲಿ ಆದ ತಪ್ಪುಗಳು. ಉಳಿದ ಮೂರು ಡಿಸ್ಕ್‌ಗಳಲ್ಲಿ 197 ಮತ್ತು 198 ಸೊನ್ನೆ ಇದ್ದರೆ ಸಮಾಧಾನದಿಂದ ಉಸಿರಾಡಿ. 5ರಲ್ಲಿ ಒಂದೆರಡು ಇದ್ದು ಅದು ಏರದೆ ನಿಂತಿದ್ದರೆ ಅಷ್ಟು ಗಾಬರಿ ಬೇಡ, ದಿನದಿನಕ್ಕೆ ಏರುತ್ತಿದ್ದರೆ ಆ ಡಿಸ್ಕ್ ನಂಬಬೇಡಿ.

ಹೊರಗೆ ಬಿದ್ದ ಡಿಸ್ಕ್ ನಿಜವಾಗಿ ಸತ್ತಿದೆಯೇ? ಬಹಳ ಸಲ ಸತ್ತಿರುವುದಿಲ್ಲ! ಅದರಲ್ಲಿ 199 ಮಾತ್ರ ಜಾಸ್ತಿ ಇದ್ದು ಉಳಿದದ್ದು ಸೊನ್ನೆ ಇದ್ದರೆ ತಪ್ಪು ಸಾಟಾ ಕೇಬಲ್‌ದು, ಇಲ್ಲವೇ ಪವರ್ ಕನೆಕ್ಟರ್ ಸಡಿಲ. ಇನ್ನೊಂದು ಕಾರಣವೂ ಇದೆ. ಸಾಮಾನ್ಯ ಡೆಸ್ಕ್‌ಟಾಪ್ ಡಿಸ್ಕ್ ಒಂದು ಕೆಟ್ಟ ಸೆಕ್ಟರ್ ಸಿಕ್ಕರೆ ಬಿಡದೆ ಮತ್ತೆ ಮತ್ತೆ ಓದಲು ನೋಡುತ್ತದೆ, ಒಂದು ನಿಮಿಷಕ್ಕಿಂತ ಜಾಸ್ತಿ ಹೊತ್ತು ಕೂಡ. ಲಿನಕ್ಸ್ ಕಾಯುವುದು 30 ಸೆಕೆಂಡ್ ಮಾತ್ರ. ಆಮೇಲೆ ಲಿಂಕ್ ರೀಸೆಟ್ ಮಾಡುತ್ತದೆ, ಅದಕ್ಕೂ ಉತ್ತರ ಬರದಿದ್ದರೆ ಡಿಸ್ಕ್ ಸತ್ತಿದೆ ಅಂದುಕೊಂಡು ಅರೇಯಿಂದ ಹೊರಗೆ ಹಾಕುತ್ತದೆ. ಕರ್ನಲ್ ಲಾಗ್‌ನಲ್ಲಿ 'ಹಾರ್ಡ್ ರೀಸೆಟ್ಟಿಂಗ್ ಲಿಂಕ್' ಅಂತ ಸಾಲುಸಾಲು ಕಂಡರೆ ಇದೇ ಕಥೆ ಇರಬಹುದು. ಎನ್‌ಎಎಸ್‌ಗೆ (ನೆಟ್‌ವರ್ಕ್ ಮೂಲಕ ಫೈಲ್ ಕೊಡುವ ಸ್ಟೋರೇಜ್ ಪೆಟ್ಟಿಗೆಗೆ) ಅಂತಲೇ ಮಾಡಿದ ಡಿಸ್ಕ್‌ಗಳು ಸಾಮಾನ್ಯವಾಗಿ 7 ಸೆಕೆಂಡಿಗೆ ಕೈಬಿಟ್ಟು 'ಓದಲಾಗಲಿಲ್ಲ' ಅಂತ ಹೇಳಿಬಿಡುತ್ತವೆ, ಆಗ ರೈಡ್ ಬೇರೆ ಡಿಸ್ಕ್‌ಗಳಿಂದ ಲೆಕ್ಕ ಹಾಕಿಕೊಳ್ಳುತ್ತದೆ. ನಿಮ್ಮ ಡಿಸ್ಕ್‌ಗಳಿಗೆ ಈ ಸೌಲಭ್ಯ ಇದ್ದರೆ ಸ್ಮಾರ್ಟ್‌ಸಿಟಿಎಲ್‌ನ 'ಎಸ್‌ಸಿಟಿ ಇಆರ್‌ಸಿ' ಸೆಟ್ಟಿಂಗ್ 70 ಅಂತ ಇಡಿ, ಅಂದರೆ 7 ಸೆಕೆಂಡ್. ಇಲ್ಲದಿದ್ದರೆ ಲಿನಕ್ಸ್ ಕಾಯುವ ಸಮಯವನ್ನೇ 180 ಸೆಕೆಂಡಿಗೆ ಏರಿಸಿ. ರೀಬಿಲ್ಡ್‌ಗೆ ಮೊದಲು ಇದನ್ನು ಮಾಡಲೇಬೇಕು. ಆಫ್ ಆಗಿ ಆನ್ ಆದರೆ ಈ ಸೆಟ್ಟಿಂಗ್ ಹೋಗಿಬಿಡುತ್ತದೆ, ಆದ್ದರಿಂದ ಪ್ರತಿ ಬೂಟ್‌ನಲ್ಲೂ ತಾನಾಗಿ ಓಡುವ ಸ್ಕ್ರಿಪ್ಟ್‌ನಲ್ಲಿ ಬರೆದಿಡಿ.

ಕಾಪಿ ಮುಗಿಯಿತು, ಲಾಗ್ ನೋಡಿದಿರಿ, ಹತ್ತಾರು ಫೈಲ್ ತೆರೆದೂ ನೋಡಿದಿರಿ. ಈಗ ಸರ್ವರ್ ಸರಿಯಾದ ಕ್ರಮದಲ್ಲಿ ಶಟ್‌ಡೌನ್ ಮಾಡಿ, ಡಿಸ್ಕ್ ಬಿಚ್ಚುವ ಕೆಲಸ. ಇಲ್ಲಿ ದಯವಿಟ್ಟು ನಿಧಾನ. ಲಿನಕ್ಸ್ ಡಿಸ್ಕ್‌ಗಳಿಗೆ ಕೊಡುವ ಎಸ್‌ಡಿಬಿ, ಎಸ್‌ಡಿಸಿ ಅನ್ನುವ ಹೆಸರುಗಳನ್ನು ನಂಬಬೇಡಿ, ಒಂದು ಬೂಟ್‌ನಿಂದ ಇನ್ನೊಂದಕ್ಕೆ ಅವು ಅದಲುಬದಲಾಗುತ್ತವೆ. ಮದರ್‌ಬೋರ್ಡ್ ಪೋರ್ಟ್ ನಂಬರ್ ನೋಡಿ ಊಹೆ ಮಾಡುವುದೂ ಬೇಡ. ಶಟ್‌ಡೌನ್‌ಗೆ ಮೊದಲೇ ಕೆಲಸ ಮಾಡುತ್ತಿರುವ ಮೂರು ಡಿಸ್ಕ್‌ಗಳ ಸೀರಿಯಲ್ ನಂಬರ್ ಕಾಗದದ ಮೇಲೆ ಬರೆದುಕೊಳ್ಳಿ. ಡಿಸ್ಕಿನ ಮೇಲಿನ ಸ್ಟಿಕರ್‌ನಲ್ಲಿ ಅದೇ ನಂಬರ್ ಸಣ್ಣ ಅಕ್ಷರದಲ್ಲಿ ಬಾರ್‌ಕೋಡ್ ಹತ್ತಿರ ಇರುತ್ತದೆ. ಕ್ಯಾಬಿನೆಟ್‌ನಲ್ಲಿ ಒಂದರ ಮೇಲೊಂದು ಕೂರಿಸಿದಾಗ ಆ ಸ್ಟಿಕರ್ ಮುಚ್ಚಿಹೋಗುತ್ತದೆ, ಟಾರ್ಚ್ ಬಿಟ್ಟು ಬಗ್ಗಿ ನೋಡಿದರೂ ಅರ್ಧ ಕಾಣುತ್ತದೆ. ಆ ಅರ್ಧ ನೋಡಿ ತೀರ್ಮಾನ ಮಾಡಬೇಡಿ. ಸ್ಕ್ರೂ ಬಿಚ್ಚಿ, ಹೊರಗೆಳೆದು, ಪೂರ್ತಿ ನಂಬರ್ ಓದಿ. ಕಾಗದದಲ್ಲಿ ಇಲ್ಲದ ನಂಬರ್ ಯಾವುದೋ ಅದೇ ಹೊರಗೆ ಬರಬೇಕಾದ್ದು. ನಾಲ್ಕೂ ಡಿಸ್ಕಿನ ಹೊರಬದಿಗೆ ಪೇಪರ್ ಟೇಪ್ ಹಚ್ಚಿ ಕೊನೆಯ ನಾಲ್ಕು ಅಕ್ಷರ ಬರೆದುಬಿಡಿ, ಮುಂದಿನ ಸಲ ಇಷ್ಟು ಕಷ್ಟ ಇರುವುದಿಲ್ಲ.

ತೆಗೆದ ಡಿಸ್ಕನ್ನು ಅಳಿಸಬೇಡಿ, ಎಸೆಯಬೇಡಿ, ಗುಜರಿಗೂ ಹಾಕಬೇಡಿ. ರೀಬಿಲ್ಡ್ ಮುಗಿದು ಒಂದು ವಾರ ಕಳೆಯುವವರೆಗೆ ಅದು ನಿಮ್ಮ ಕೊನೇ ಆಸರೆ.

ಹೊಸ ಡಿಸ್ಕ್ ಯಾವುದು ಅಂತ ಬರೆದಿಲ್ಲ. ಮಾದರಿ ನಂಬರ್ ನೋಡಿ ಅದು ಸಿಎಂಆರ್ ಆ, ಎಸ್‌ಎಂಆರ್ ಆ ಅಂತ ಖಚಿತ ಮಾಡಿಕೊಳ್ಳಿ. ಸಿಎಂಆರ್‌ನಲ್ಲಿ ಡೇಟಾ ಬರೆಯುವ ಸಾಲುಗಳು (ಟ್ರ್ಯಾಕ್) ಬೇರೆಬೇರೆಯಾಗಿರುತ್ತವೆ, ಎಸ್‌ಎಂಆರ್‌ನಲ್ಲಿ ಒಂದರ ಮೇಲೊಂದು ಸ್ವಲ್ಪ ಹಾಯ್ದಿರುತ್ತವೆ, ಹಾಗಾಗಿ ಒಂದನ್ನು ತಿದ್ದಲು ಪಕ್ಕದ್ದನ್ನೂ ಮತ್ತೆ ಬರೆಯಬೇಕು. ರೀಬಿಲ್ಡ್‌ನಂಥ ಬಿಡುವಿಲ್ಲದ ಬರವಣಿಗೆಗೆ ಅದು ತೀರಾ ನಿಧಾನವಾಗುತ್ತದೆ, ಕೆಲವೊಮ್ಮೆ ಉತ್ತರವನ್ನೇ ಕೊಡದೆ ಹೊರಗೆ ಬೀಳುತ್ತದೆ. ಎನ್‌ಎಎಸ್ ಡಿಸ್ಕ್ ಅಂತ ಬರೆದಿದ್ದರೆ ಸಾಕು ಅಂತಲೂ ಇಲ್ಲ. ವೆಸ್ಟರ್ನ್ ಡಿಜಿಟಲ್ ತನ್ನ ರೆಡ್ ಸರಣಿಯಲ್ಲಿ 2ರಿಂದ 6 ಟಿಬಿವರೆಗಿನ ಕೆಲವು ಮಾದರಿಗಳು ಎಸ್‌ಎಂಆರ್ ಅಂತ 2020ರಲ್ಲಿ ಬಹಿರಂಗ ಮಾಡಿತು, ಆಮೇಲೆ ಸಿಎಂಆರ್ ಡಿಸ್ಕ್‌ಗಳಿಗೆ ರೆಡ್ ಪ್ಲಸ್ ಅಂತ ಹೆಸರಿಟ್ಟಿತು. ನಿಮ್ಮದು ಎಸ್‌ಎಂಆರ್ ಆಗಿದ್ದರೆ ಅಂಗಡಿಯಲ್ಲಿ ಬದಲಾಯಿಸಿಕೊಳ್ಳಿ. ಅಳತೆ ಹಳೆಯದಕ್ಕಿಂತ ಒಂದು ಸೆಕ್ಟರ್ ಕೂಡ ಕಡಿಮೆ ಇರಬಾರದು, ಜಾಸ್ತಿ ಇದ್ದರೆ ತೊಂದರೆ ಇಲ್ಲ.

ಆಮೇಲಿನದು ಸುಲಭ. ಹೊಸ ಡಿಸ್ಕ್ ಹಾಕಿ, ಹಳೆಯವುಗಳಲ್ಲಿ ಪಾರ್ಟಿಶನ್ ಇದ್ದರೆ ಅದೇ ರೀತಿ ಮಾಡಿ, ಲಿನಕ್ಸ್‌ನಲ್ಲಿ ರೈಡ್ ನೋಡಿಕೊಳ್ಳುವ ಎಂಡಿಎಡಿಎಂ ಕಮಾಂಡಿಗೆ 'ಆಡ್' ಕೊಡಿ, ರೀಬಿಲ್ಡ್ ತಾನೇ ಶುರುವಾಗುತ್ತದೆ. ಸೆಕೆಂಡಿಗೆ 130 ಎಂಬಿ ಅಂತ ಹಿಡಿದರೆ ಎಂಟೂವರೆ ಗಂಟೆ. ರಾತ್ರಿ ಬಿಡಿ. ಹಳೇ ಡಿಸ್ಕ್‌ನ ತಪ್ಪು ಬರೀ ಕೇಬಲ್‌ದು ಅಂತ ಗೊತ್ತಾದರೆ, ಕೇಬಲ್ ಬದಲಾಯಿಸಿ, ಲಾಂಗ್ ಟೆಸ್ಟ್ ಪಾಸಾದ ಮೇಲೆ ಅದನ್ನೇ 'ರೀ-ಆಡ್' ಮಾಡಬಹುದು. ಅರೇಯಲ್ಲಿ ಬಿಟ್‌ಮ್ಯಾಪ್ (ಯಾವ ಭಾಗ ಬದಲಾಯಿತು ಅನ್ನುವ ಪಟ್ಟಿ) ಇದ್ದರೆ ಈ ನಡುವೆ ಬದಲಾದ ಭಾಗ ಮಾತ್ರ ಬರೆಯಲಾಗುತ್ತದೆ, ಬೇಗ ಮುಗಿಯುತ್ತದೆ.

ಉಳಿದ ಮೂರರಲ್ಲಿ ಒಂದಕ್ಕೆ 197ರಲ್ಲಿ ಸಂಖ್ಯೆ ಕಂಡರೆ ದಾರಿ ಬೇರೆ. ಆಗ ನೇರ ರೀಬಿಲ್ಡ್ ಬೇಡ. ಅರೇ ನಿಲ್ಲಿಸಿ, ಆ ಸೊರಗಿದ ಡಿಸ್ಕನ್ನು ಜಿಎನ್‌ಯು ಡಿಡಿರೆಸ್ಕ್ಯೂ ಬಳಸಿ ಇನ್ನೊಂದು ಹೊಸ ಡಿಸ್ಕ್‌ಗೆ ಸೆಕ್ಟರ್ ಸೆಕ್ಟರ್ ನಕಲು ಮಾಡಿ. ಅದು ಮೊದಲು ಸುಲಭವಾಗಿ ಬರುವುದನ್ನೆಲ್ಲ ಎತ್ತಿಕೊಂಡು, ಕಷ್ಟದ ಜಾಗಗಳಿಗೆ ಆಮೇಲೆ ಬರುತ್ತದೆ, ಎಲ್ಲಿವರೆಗೆ ಆಯಿತು ಅಂತ ಮ್ಯಾಪ್ ಫೈಲ್‌ನಲ್ಲಿ ಬರೆದಿಡುತ್ತದೆ. ಆ ಮ್ಯಾಪ್ ಫೈಲ್ ಬೇರೆ ಡಿಸ್ಕ್‌ನಲ್ಲಿರಲಿ. ನಕಲಾದ ಮೇಲೆ ಮೂಲವನ್ನು ಬಿಚ್ಚಿ ಹೊರಗಿಟ್ಟೇ ಬೂಟ್ ಮಾಡಿ. ಎರಡರಲ್ಲೂ ಒಂದೇ ಗುರುತು ಇರುವುದರಿಂದ ಒಟ್ಟಿಗೆ ಇದ್ದರೆ ಯಾವುದು ಸೇರುತ್ತದೋ ಹೇಳಲಾಗದು. ಟಿಕ್ ಟಿಕ್ ಅಂತ ಸದ್ದು ಮಾಡುವ ಡಿಸ್ಕ್‌ಗೆ ಇದನ್ನೂ ಮಾಡಬೇಡಿ, ಕರೆಂಟ್ ತೆಗೆದು ಡೇಟಾ ರಿಕವರಿ ಲ್ಯಾಬ್‌ಗೆ ಕೊಡಿ.

ಈಗ ನಿಮ್ಮಣ್ಣನ 'ಕ್ರಿಯೇಟ್' ವಿಷಯ. ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಇದನ್ನು ಓದಿ. 'ಕ್ರಿಯೇಟ್' ಹಳೇ ಅರೇಯನ್ನು ಹುಡುಕುವುದಿಲ್ಲ, ಹೊಸದನ್ನು ಮಾಡುತ್ತದೆ. ಡಿಸ್ಕ್‌ಗಳ ಮೇಲಿದ್ದ ಹಳೇ ಗುರುತು ಅಳಿಸಿ ಹೊಸದು ಬರೆಯುತ್ತದೆ. ಡಿಸ್ಕ್‌ಗಳ ಸರದಿ, ಒಂದೊಂದು ಡಿಸ್ಕಿಗೆ ಸರದಿಯಂತೆ ಹಂಚುವ ತುಂಡಿನ (ಚಂಕ್) ಅಳತೆ, ಡೇಟಾ ಎಲ್ಲಿಂದ ಶುರು ಅನ್ನುವ ಆಫ್‌ಸೆಟ್, ಇವುಗಳಲ್ಲಿ ಒಂದು ತಪ್ಪಿದರೂ ಒಳಗಿನದೆಲ್ಲ ಕಲಸುಮೇಲೋಗರ. ಎಂಡಿಎಡಿಎಂ ಆವೃತ್ತಿ ಬದಲಾದ ಹಾಗೆ ಈ ಡೀಫಾಲ್ಟ್‌ಗಳೂ ಬದಲಾಗಿವೆ. ಅದಕ್ಕಿಂತ ಕೆಟ್ಟದ್ದು, ರೈಡ್ 5 ಕ್ರಿಯೇಟ್ ಮಾಡಿದ ತಕ್ಷಣ ಅದು ನೀವು ಕೊಟ್ಟ ಕೊನೆಯ ಡಿಸ್ಕನ್ನು ಖಾಲಿ ಅಂತ ಹಿಡಿದು, ಉಳಿದವುಗಳಿಂದ ಲೆಕ್ಕ ಹಾಕಿ ಅದರ ಮೇಲೆ ಬರೆಯಲು ಶುರು ಮಾಡುತ್ತದೆ. ಸರದಿ ತಪ್ಪಿದ್ದರೆ ಆ ಡಿಸ್ಕ್‌ನಲ್ಲಿ ಇದ್ದದ್ದು ಅಷ್ಟಷ್ಟಾಗಿ ಅಳಿಯುತ್ತಾ ಹೋಗುತ್ತದೆ. ವಾಪಸ್ ತರಲು ದಾರಿಯಿಲ್ಲ.

ಕೈಮೀರಿದಾಗಲೂ ಬಳಸಬೇಕಾದದ್ದು 'ಅಸೆಂಬಲ್', ಅಂದರೆ ಡಿಸ್ಕ್‌ಗಳ ಮೇಲಿರುವ ಹಳೇ ಗುರುತು ನೋಡಿ ಅರೇಯನ್ನು ಮತ್ತೆ ಜೋಡಿಸುವುದು. ರೀಬಿಲ್ಡ್ ನಡುವೆ ಇನ್ನೊಂದು ಡಿಸ್ಕ್ ಬಿದ್ದು ಅರೇ ನಿಂತುಹೋದರೆ, ಮತ್ತೆ ಮತ್ತೆ ರೀಬೂಟ್ ಮಾಡಬೇಡಿ. ಪ್ರತಿ ಡಿಸ್ಕ್‌ಗೂ ಎಂಡಿಎಡಿಎಂನ 'ಎಗ್ಸಾಮಿನ್' ಕೊಟ್ಟು 'ಈವೆಂಟ್ಸ್' ಸಂಖ್ಯೆ (ಅರೇ ಬದಲಾದ ಹಾಗೆ ಏರುವ ಲೆಕ್ಕ) ನೋಡಿ. ಉದಾಹರಣೆಗೆ ಮೂರರಲ್ಲಿ 48210, 48210, 48207 ಅಂತಿದ್ದು ಮೊದಲೇ ಬಿದ್ದದ್ದರಲ್ಲಿ 31544 ಅಂತಿದ್ದರೆ, ಆ ಹಳೆಯದನ್ನು ಬಿಟ್ಟು ಹತ್ತಿರವಿರುವ ಮೂರನ್ನು 'ಅಸೆಂಬಲ್ ಫೋರ್ಸ್' ಮಾಡಬಹುದು. ಅದನ್ನೂ ಡಿಸ್ಕ್‌ಗಳ ಮೇಲೆ ನೇರವಾಗಿ ಅಲ್ಲ, ಬರೆಯುವುದೆಲ್ಲ ಬೇರೆ ಫೈಲ್‌ಗೆ ಹೋಗುವಂತೆ ಓವರ್‌ಲೇ ಹಾಕಿಕೊಂಡು ಮೊದಲು ನೋಡುವುದು ಒಳ್ಳೆಯದು. ಎದ್ದ ಮೇಲೆ ಫೈಲ್ ಸಿಸ್ಟಮ್ ಎಕ್ಸ್ಟ್4 ಆದರೆ ರೀಡ್-ಓನ್ಲಿ ಜೊತೆಗೆ 'ನೋಲೋಡ್' ಕೊಟ್ಟು ಮೌಂಟ್ ಮಾಡಿ. ಬರೀ ರೀಡ್-ಓನ್ಲಿ ಅಂದರೂ ಅದು ಜರ್ನಲ್‌ನಲ್ಲಿ (ಬಾಕಿ ಬದಲಾವಣೆಗಳ ದಾಖಲೆಯಲ್ಲಿ) ಇದ್ದದ್ದನ್ನು ಡಿಸ್ಕ್‌ಗೆ ಬರೆದುಬಿಡುತ್ತದೆ. ಫೈಲ್ ಸಿಸ್ಟಮ್‌ನ ತಪ್ಪು ತಿದ್ದುವ ಎಫ್‌ಎಸ್‌ಸಿಕೆ ಓಡಿಸುವ ಆಸೆ ಬರುತ್ತದೆ, ತಡೆದುಕೊಳ್ಳಿ. ಅರೇ ತಪ್ಪಾಗಿ ಜೋಡಿಸಿದ್ದರೆ ಅದು 'ರಿಪೇರಿ' ಅಂತ ಒಳ್ಳೇ ಡೇಟಾವನ್ನೇ ಕತ್ತರಿಸಿ ಹಾಕುತ್ತದೆ.

ಎಲ್ಲಾ ಸರಿಹೋದ ಮೇಲೆ ಆ 8 ಟಿಬಿ ಡಿಸ್ಕನ್ನು ಬೇರೆ ಕೆಲಸಕ್ಕೆ ಎತ್ತಿಕೊಳ್ಳಬೇಡಿ. ಅದೇ ನಿಮ್ಮ ಬ್ಯಾಕಪ್. ವಾರಕ್ಕೊಮ್ಮೆ ಆರ್‌ಸಿಂಕ್ ಓಡಿಸಿ, ಬಿಚ್ಚಿ, ಸ್ಟುಡಿಯೋದಲ್ಲಿ ಅಲ್ಲ, ಮನೆಯಲ್ಲಿಡಿ. ಐದನೇ ಡಿಸ್ಕ್ ತಂದು ರೈಡ್ 6 ಮಾಡಲಾ ಅಂತ ಕೇಳಬಹುದು. ಒಳ್ಳೆಯದೇ, ಎರಡು ಡಿಸ್ಕ್ ಹೋದರೂ ತಡೆಯುತ್ತದೆ. ಆದರೆ ದುಡ್ಡು ಒಂದಕ್ಕೇ ಇದ್ದರೆ ನಾನು ಎರಡನೇ ಬ್ಯಾಕಪ್ ಡಿಸ್ಕ್ ಕೊಳ್ಳಿ ಅನ್ನುತ್ತೇನೆ, ಯಾಕಂದರೆ ಕೈತಪ್ಪಿ ಡಿಲೀಟ್ ಮಾಡಿದ್ದನ್ನೋ ವೈರಸ್ ಲಾಕ್ ಮಾಡಿದ್ದನ್ನೋ ಯಾವ ರೈಡೂ ವಾಪಸ್ ಕೊಡುವುದಿಲ್ಲ. ಡೆಬಿಯನ್ ಸಾಮಾನ್ಯವಾಗಿ ತಿಂಗಳ ಮೊದಲ ಭಾನುವಾರ ಇಡೀ ಅರೇ ಓದಿ ಪರೀಕ್ಷೆ ಮಾಡುತ್ತದೆ. ಸಿಸ್ಟಮ್ ನಿಧಾನ ಆಯಿತು ಅಂತ ಅದನ್ನು ಯಾರಾದರೂ ನಿಲ್ಲಿಸಿದ್ದರೆ ಮತ್ತೆ ಶುರು ಮಾಡಿ. ಸದ್ದಿಲ್ಲದೆ ಕೆಟ್ಟಿರುವ ಸೆಕ್ಟರ್‌ಗಳು ನಾಲ್ಕೂ ಡಿಸ್ಕ್ ಇರುವಾಗಲೇ ಸಿಕ್ಕರೆ ತಾವಾಗಿ ಸರಿಯಾಗುತ್ತವೆ.

ಸದ್ಯಕ್ಕೆ ಕಾಪಿ ಶುರು ಮಾಡಿ, ಅದು ಓಡುತ್ತಿರುವಾಗ ಕಾಣುತ್ತಿರುವ ಮೂರು ಡಿಸ್ಕಿನ ಸ್ಮಾರ್ಟ್ ವರದಿ, 'ಎಗ್ಸಾಮಿನ್' ಔಟ್‌ಪುಟ್ ಮತ್ತು ಹೊಸ ಡಿಸ್ಕಿನ ಮಾದರಿ ನಂಬರ್ ನನಗೆ ಕಳಿಸಿ. 197ನೇ ಸಾಲಿನಲ್ಲಿ ಏನಿದೆ ಅಂತ ನೋಡಿದ ಮೇಲೆ ರೀಬಿಲ್ಡ್ ಕೊಡುವುದಾ, ಡಿಡಿರೆಸ್ಕ್ಯೂ ದಾರಿ ಹಿಡಿಯುವುದಾ ಅಂತ ಹೇಳುತ್ತೇನೆ.